ರಾ ಛಾಯಾಚಿತ್ರ ಸಂಸ್ಕರಣೆಯಲ್ಲಿ ಕಲರ್ ಪ್ರೊಫೈಲ್ ದೋಷಗಳು

ಕಲರ್ ಪ್ರೊಫೈಲ್ ಎಂಬುದು ಒಂದು ಡಿಜಿಟಲ್ ಚಿತ್ರದಲ್ಲಿರುವ ಸಂಖ್ಯೆಗಳು ಯಾವ ಬಣ್ಣಗಳನ್ನು ಸೂಚಿಸುತ್ತವೆ ಎಂಬುದನ್ನು ಗಣಕಕ್ಕೆ ತಿಳಿಸುವ ದತ್ತಾಂಶವಾಗಿದೆ. ಕ್ಯಾಮೆರಾದ ರಾ ಕಡತವನ್ನು ನೋಡಬಹುದಾದ ಛಾಯಾಚಿತ್ರವಾಗಿ ರೂಪಿಸುವ ಲೈಟ್‌ರೂಮ್, ಕ್ಯಾಪ್ಚರ್ ಒನ್, ಡಾರ್ಕ್‌ಟೇಬಲ್, ರಾಥೆರಪಿ ಮೊದಲಾದ ತಂತ್ರಾಂಶಗಳಲ್ಲಿ ಒಂದೇ ಚಿತ್ರಕ್ಕೆ ಕ್ಯಾಮೆರಾದ ಪ್ರೊಫೈಲ್, ಉಳಿಸಿದ ಕಡತದ ಪ್ರೊಫೈಲ್ ಮತ್ತು ಮಾನಿಟರ್‌ನ ಪ್ರೊಫೈಲ್ ಎಂಬ ಮೂರು ಪ್ರೊಫೈಲ್‌ಗಳು ಬೇಕಾಗುತ್ತವೆ. ಇವುಗಳಲ್ಲಿ ಯಾವುದಾದರೂ ಒಂದು ಇಲ್ಲವಾದಾಗ ಅಥವಾ ಒಂದರ ಸ್ಥಾನದಲ್ಲಿ ಮತ್ತೊಂದು ಬಳಕೆಯಾದಾಗ ಬಣ್ಣಗಳು ಮಂಕಾಗಿಯೋ, ಅತಿಯಾಗಿಯೋ, ಬೇರೆಯಾಗಿಯೋ ಕಾಣುತ್ತವೆ. ವರ್ಣಚಿತ್ರಗಳ ದಾಖಲೀಕರಣ, ಹಸ್ತಪ್ರತಿಗಳ ಡಿಜಿಟಲೀಕರಣ, ಅಂತರಜಾಲದಲ್ಲಿ ಬಟ್ಟೆಗಳ ಮಾರಾಟದಂತಹ ಕೆಲಸಗಳಲ್ಲಿ ಬಣ್ಣವೇ ಮುಖ್ಯ ಮಾಹಿತಿಯಾಗಿರುವುದರಿಂದ ಈ ದೋಷಗಳನ್ನು ಅರಿತಿರುವುದು ಅಗತ್ಯವಾಗಿದೆ.

ರಾ ಕಡತದ ಸ್ವರೂಪ

ಹೆಚ್ಚಿನ ಕ್ಯಾಮೆರಾಗಳ ಸಂವೇದಕದ ಮೇಲೆ ಬೇಯರ್ ಶೋಧಕ ಇರುತ್ತದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿದ ಈ ವಿನ್ಯಾಸಕ್ಕೆ 1976ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಇದರಲ್ಲಿ ಅರ್ಧದಷ್ಟು ಬಿಂದುಗಳು ಹಸಿರನ್ನೂ, ಕಾಲುಭಾಗ ಕೆಂಪನ್ನೂ, ಉಳಿದ ಕಾಲುಭಾಗ ನೀಲಿಯನ್ನೂ ಗ್ರಹಿಸುತ್ತವೆ. ರಾ ಕಡತವು ಪ್ರತಿ ಬಿಂದುವಿನ ಮೇಲೆ ಎಷ್ಟು ಬೆಳಕು ಬಿತ್ತು ಎಂಬ ಅಳತೆಯನ್ನು ಮಾತ್ರ ದಾಖಲಿಸುತ್ತದೆ. ಶೋಧಕದ ‘ಕೆಂಪು’ ಯಾವ ಬಗೆಯ ಕೆಂಪು ಎಂಬುದು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬದಲಾಗುವುದರಿಂದ, ಈ ಅಳತೆಗಳಿಗೆ ತಾವಾಗಿಯೇ ನಿಶ್ಚಿತವಾದ ಬಣ್ಣವಿಲ್ಲ. ಅವುಗಳಿಗೆ ಅರ್ಥ ಕೊಡುವುದು ಪ್ರೊಫೈಲ್‌ನ ಕೆಲಸ.

ಇದರಿಂದ ಒಂದು ಸಾಮಾನ್ಯ ಗೊಂದಲವೂ ಪರಿಹಾರವಾಗುತ್ತದೆ. ಕ್ಯಾಮೆರಾದ ಪಟ್ಟಿಯಲ್ಲಿ ಕಾಣುವ ‘ಎಸ್‌ಆರ್‌ಜಿಬಿ’ ಅಥವಾ ‘ಅಡೋಬ್ ಆರ್‌ಜಿಬಿ’ ಎಂಬ ಆಯ್ಕೆಯು ಕ್ಯಾಮೆರಾ ತಾನೇ ಸಿದ್ಧಪಡಿಸುವ ಜೆಪೆಗ್ ಚಿತ್ರಕ್ಕೂ ರಾ ಕಡತದೊಳಗೆ ಅಡಕವಾಗಿರುವ ಮುನ್ನೋಟಕ್ಕೂ ಅನ್ವಯಿಸುತ್ತದೆ. ಸಂವೇದಕದ ಅಳತೆಗಳನ್ನು ಅದು ಬದಲಿಸುವುದಿಲ್ಲ.

ಹಿನ್ನೆಲೆ

ಬಣ್ಣವನ್ನು ಯಂತ್ರಗಳಿಗೆ ಹೊರತಾಗಿ, ಮಾನವನ ದೃಷ್ಟಿಯ ಆಧಾರದ ಮೇಲೆ ಸಂಖ್ಯೆಗಳಲ್ಲಿ ಹೇಳುವ ಪದ್ಧತಿಯನ್ನು ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1931ರಲ್ಲಿ ನಿಗದಿಪಡಿಸಿತು. ಇಂದಿನ ಎಲ್ಲ ಪ್ರೊಫೈಲ್‌ಗಳಿಗೂ ಇದೇ ತಳಹದಿ. 1993ರಲ್ಲಿ ಅಡೋಬ್, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಸೇರಿದಂತೆ ಎಂಟು ಕಂಪನಿಗಳು ಕೂಡಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಸ್ಥಾಪಿಸಿದವು. ಐಸಿಸಿ ಎಂಬ ಸಂಕ್ಷಿಪ್ತ ಹೆಸರಿನ ಈ ಒಕ್ಕೂಟವು ರೂಪಿಸಿದ ಪ್ರೊಫೈಲ್ ಮಾದರಿಯನ್ನು ಇಂದು ಬಹುತೇಕ ಎಲ್ಲ ಕಾರ್ಯಾಚರಣಾ ವ್ಯವಸ್ಥೆಗಳೂ ಬಳಸುತ್ತವೆ.

1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಆ ಕಾಲದ ಸಾಮಾನ್ಯ ಮಾನಿಟರ್‌ಗಳನ್ನು ಗಮನದಲ್ಲಿರಿಸಿ ಎಸ್‌ಆರ್‌ಜಿಬಿ ಎಂಬ ಕಲರ್ ಸ್ಪೇಸ್ ಅನ್ನು ಸೂಚಿಸಿದವು. ಅದು ಅಂತರಜಾಲದ ಸಾಮಾನ್ಯ ಮಾನದಂಡವಾಯಿತು. ಮುದ್ರಣದ ಹಸಿರು–ನೀಲಿ ಛಾಯೆಗಳನ್ನೂ ಒಳಗೊಳ್ಳುವ ಅಡೋಬ್ ಆರ್‌ಜಿಬಿ 1998ರಲ್ಲಿ ಬಂದಿತು. ಕೊಡಾಕ್ ರೂಪಿಸಿದ ಪ್ರೊಫೋಟೋ ಆರ್‌ಜಿಬಿ ಇವೆರಡಕ್ಕಿಂತಲೂ ವಿಶಾಲವಾದುದು. ಅದರಲ್ಲಿ ಸೂಚಿಸಬಹುದಾದ ಕೆಲವು ಬಣ್ಣಗಳು ಮಾನವನ ಕಣ್ಣಿಗೆ ಕಾಣುವ ಬಣ್ಣಗಳೇ ಅಲ್ಲ. ರಾ ಕಡತಗಳಿಗೆ ಮುಕ್ತ ಮಾನಕವೊಂದನ್ನು ಒದಗಿಸಲು ಅಡೋಬ್ 2004ರಲ್ಲಿ ಡಿಎನ್‌ಜಿ ಎಂಬ ಮಾದರಿಯನ್ನು ಪ್ರಕಟಿಸಿತು. ಅದರೊಂದಿಗೆ ಬೆಳೆದ ಡಿಸಿಪಿ ಎಂಬ ಕ್ಯಾಮೆರಾ ಪ್ರೊಫೈಲ್ ಮಾದರಿಯನ್ನು ರಾಥೆರಪಿಯಂತಹ ಸ್ವತಂತ್ರ ತಂತ್ರಾಂಶಗಳೂ ಬೆಂಬಲಿಸುತ್ತವೆ.

ಮೂರು ಪ್ರೊಫೈಲ್‌ಗಳ ಪಾತ್ರ

ಕ್ಯಾಮೆರಾ ಪ್ರೊಫೈಲ್: ಸಂವೇದಕದ ಅಳತೆಗಳನ್ನು ಮಾನಕ ಬಣ್ಣಗಳಿಗೆ ಪರಿವರ್ತಿಸುತ್ತದೆ. ಇದು ಮೂರು ಸಾಲು, ಮೂರು ಕಂಬಸಾಲಿನ ಸರಳ ಮಾತೃಕೆಯಾಗಿರಬಹುದು ಅಥವಾ ವಿವರವಾದ ಕೋಷ್ಟಕವಾಗಿರಬಹುದು. ಬೆಳಕಿಗೆ ತಕ್ಕಂತೆ ಪರಿವರ್ತನೆಯೂ ಬದಲಾಗಬೇಕಾದ ಕಾರಣ ಡಿಸಿಪಿ ಪ್ರೊಫೈಲ್‌ಗಳಲ್ಲಿ ಸಾಮಾನ್ಯವಾಗಿ ಟಂಗ್‌ಸ್ಟನ್ ದೀಪದ ಬೆಳಕಿಗೊಂದು, ಹಗಲಿನ ಬೆಳಕಿಗೊಂದು ಹೀಗೆ ಎರಡು ಮಾತೃಕೆಗಳಿರುತ್ತವೆ.

ಕಡತದ ಪ್ರೊಫೈಲ್: ಉಳಿಸಿದ ಜೆಪೆಗ್ ಅಥವಾ ಟಿಫ್ ಕಡತದಲ್ಲಿರುವ ಸಂಖ್ಯೆಗಳು ಯಾವ ಕಲರ್ ಸ್ಪೇಸ್‌ಗೆ ಸೇರಿದವು ಎಂಬುದನ್ನು ಹೇಳುತ್ತದೆ.

ಮಾನಿಟರ್ ಪ್ರೊಫೈಲ್: ಒಂದು ನಿರ್ದಿಷ್ಟ ಪರದೆಯು ಯಾವ ಸಂಖ್ಯೆಗೆ ಯಾವ ಬಣ್ಣವನ್ನು ತೋರಿಸುತ್ತದೆ ಎಂಬುದರ ವಿವರಣೆ. ಇದು ಪರದೆಗೆ ಸೇರಿದ್ದೇ ಹೊರತು ಚಿತ್ರಕ್ಕೆ ಸೇರಿದ್ದಲ್ಲ. ಆದುದರಿಂದ ಮಾನಿಟರ್ ಪ್ರೊಫೈಲನ್ನು ಚಿತ್ರದ ಪ್ರೊಫೈಲ್ ಆಗಿ ಉಳಿಸುವುದು ತಪ್ಪಾಗುತ್ತದೆ.

ಸಾಮಾನ್ಯ ದೋಷಗಳು

ನಿಯೋಜನೆ ಮತ್ತು ಪರಿವರ್ತನೆಗಳ ಗೊಂದಲ

ಪ್ರೊಫೈಲ್ ‘ನಿಯೋಜಿಸಿದಾಗ’ ಸಂಖ್ಯೆಗಳು ಹಾಗೆಯೇ ಉಳಿದು ಬಣ್ಣ ಬದಲಾಗುತ್ತದೆ. ‘ಪರಿವರ್ತಿಸಿದಾಗ’ ಬಣ್ಣವನ್ನು ಸಾಧ್ಯವಾದಷ್ಟು ಉಳಿಸಿಕೊಂಡು ಸಂಖ್ಯೆಗಳನ್ನು ಬದಲಾಯಿಸಲಾಗುತ್ತದೆ. ಎಸ್‌ಆರ್‌ಜಿಬಿಯ ಶುದ್ಧ ಕೆಂಪನ್ನು 255, 0, 0 ಎಂಬ ಸಂಖ್ಯೆಗಳು ಸೂಚಿಸುತ್ತವೆ. ಅದೇ ಬಣ್ಣವು ಅಡೋಬ್ ಆರ್‌ಜಿಬಿಯಲ್ಲಿ ಸುಮಾರು 219, 0, 0 ಎಂದೂ, ಪ್ರೊಫೋಟೋ ಆರ್‌ಜಿಬಿಯಲ್ಲಿ ಸುಮಾರು 179, 70, 26 ಎಂದೂ ದಾಖಲಾಗುತ್ತದೆ. ಪ್ರೊಫೋಟೋದಲ್ಲಿ ಉಳಿಸಿದ ಚಿತ್ರದಿಂದ ಪ್ರೊಫೈಲ್ ಕಳಚಿಹೋಗಿ, ಅದನ್ನು ತೆರೆದ ತಂತ್ರಾಂಶವು ಎಸ್‌ಆರ್‌ಜಿಬಿ ಎಂದು ಭಾವಿಸಿದರೆ ಆ ಕೆಂಪು ಇಟ್ಟಿಗೆಯಂತಹ ಕಂದು ಬಣ್ಣವಾಗಿ ಕಾಣುತ್ತದೆ. ವಿಶಾಲ ಕಲರ್ ಸ್ಪೇಸ್‌ನಲ್ಲಿ ಉಳಿಸಿದ ಚಿತ್ರಗಳು ಅಂತರಜಾಲಕ್ಕೆ ಏರಿಸಿದಾಗ ಮಂಕಾಗುವುದಕ್ಕೆ ಸಾಮಾನ್ಯ ಕಾರಣ ಇದೇ. ಇಲ್ಲಿ ಮಾಹಿತಿ ನಷ್ಟವಾಗಿರುವುದಿಲ್ಲ. ಸರಿಯಾದ ಪ್ರೊಫೈಲನ್ನು ಮತ್ತೆ ನಿಯೋಜಿಸಿದರೆ ಬಣ್ಣ ಮರಳುತ್ತದೆ.

ವರ್ಣವ್ಯಾಪ್ತಿಯ ಕಡಿತ

ವಿಶಾಲವಾದ ಕಲರ್ ಸ್ಪೇಸ್‌ನಿಂದ ಕಿರಿದಾದುದಕ್ಕೆ ಪರಿವರ್ತಿಸುವಾಗ ಹೊರಗುಳಿಯುವ ಬಣ್ಣಗಳನ್ನು ಒಳಗೆ ತರಬೇಕಾಗುತ್ತದೆ. ಸರಳವಾದ ಕಡಿತದಲ್ಲಿ ಗಾಢ ಬಣ್ಣಗಳು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ಪರಿಣಾಮವಾಗಿ ದಾಸವಾಳದ ದಳಗಳ ನರಗಳು, ರೇಷ್ಮೆ ಬಟ್ಟೆಯ ನೆರಿಗೆಗಳು ಮಾಯವಾಗಿ ಬಣ್ಣದ ಚಪ್ಪಟೆ ತೇಪೆಯೊಂದು ಉಳಿಯುತ್ತದೆ. ಪರಿವರ್ತಿತ ಕಡತದಲ್ಲಿ ಈ ನಷ್ಟವನ್ನು ತುಂಬಿಕೊಳ್ಳಲಾಗದು. ಮತ್ತೆ ರಾ ಕಡತದಿಂದಲೇ ಆರಂಭಿಸಬೇಕಾಗುತ್ತದೆ.

ನೀಲಿ ಎಲ್‌ಇಡಿ ಬೆಳಕಿನ ಸಮಸ್ಯೆ

ರಂಗಮಂದಿರ, ಸಂಗೀತ ಕಚೇರಿಗಳ ಗಾಢ ನೀಲಿ ಎಲ್‌ಇಡಿ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಕಲಾವಿದರ ಮುಖದ ಮೇಲೆ ನೇರಳೆ ಕಲೆಗಳೋ ಕಪ್ಪು ತೇಪೆಗಳೋ ಕಾಣಿಸಿಕೊಳ್ಳುವುದುಂಟು. ಕ್ಯಾಮೆರಾ ಪ್ರೊಫೈಲ್‌ನ ಸರಳ ಮಾತೃಕೆಯನ್ನು ಸಾಮಾನ್ಯ ವಸ್ತುಗಳ ಬಣ್ಣಗಳಿಗೆ ಹೊಂದುವಂತೆ ರೂಪಿಸಿರಲಾಗುತ್ತದೆ. ಒಂದೇ ಕಿರಿದಾದ ತರಂಗಾಂತರಕ್ಕೆ ಸೀಮಿತವಾದ ಬೆಳಕಿಗೆ ಅದನ್ನು ಅನ್ವಯಿಸಿದಾಗ ಋಣ ಸಂಖ್ಯೆಗಳು ಹುಟ್ಟುತ್ತವೆ. ಋಣ ಬೆಳಕು ಎಂಬುದು ಇಲ್ಲದಿರುವುದರಿಂದ ಮುಂದಿನ ಹಂತಗಳು ಅದನ್ನು ಸರಿಯಾಗಿ ನಿಭಾಯಿಸುವುದಿಲ್ಲ. ಇದಕ್ಕಾಗಿಯೇ ಡಾರ್ಕ್‌ಟೇಬಲ್‌ನ ಇನ್‌ಪುಟ್ ಕಲರ್ ಪ್ರೊಫೈಲ್ ವಿಭಾಗದಲ್ಲಿ ಬಣ್ಣಗಳನ್ನು ಒಂದು ವ್ಯಾಪ್ತಿಯೊಳಗೆ ಮಿತಗೊಳಿಸುವ ಆಯ್ಕೆಯನ್ನು ಒದಗಿಸಲಾಗಿದೆ.

ಮಾನಿಟರ್ ಪ್ರೊಫೈಲ್‌ನ ತಪ್ಪು

ಉಳಿದ ದೋಷಗಳು ಕಣ್ಣಿಗೆ ಕಾಣುತ್ತವೆ. ಇದು ಸಂಸ್ಕರಣೆ ಮಾಡುವವರಿಗೆ ಕಾಣುವುದೇ ಇಲ್ಲ. ವಿಶಾಲ ವರ್ಣವ್ಯಾಪ್ತಿಯ ಮಾನಿಟರ್‌ಗೆ ಪ್ರೊಫೈಲ್ ಅಳವಡಿಸದಿದ್ದರೆ ಎಸ್‌ಆರ್‌ಜಿಬಿ ಚಿತ್ರಗಳು ಅತಿಗಾಢವಾಗಿ ತೋರುತ್ತವೆ. ಅದನ್ನು ಚಿತ್ರದ ದೋಷವೆಂದು ತಿಳಿದು ಗಾಢತೆಯನ್ನು ತಗ್ಗಿಸಿದರೆ, ತಮ್ಮ ಪರದೆಯಲ್ಲಿ ಸರಿಯಾಗಿ ಕಾಣುವ ಚಿತ್ರವು ಇತರರಿಗೆ ನಿಸ್ತೇಜವಾಗಿ ಕಾಣುತ್ತದೆ. ಪರದೆಯ ತಪ್ಪು ಹೀಗೆ ಸಂಸ್ಕರಣೆಯ ಪ್ರತಿಯೊಂದು ನಿರ್ಧಾರದಲ್ಲೂ ಸೇರಿಕೊಳ್ಳುತ್ತದೆ.

ದೋಷವಲ್ಲದ ಬದಲಾವಣೆ

ರಾ ಕಡತವನ್ನು ತೆರೆದ ಕೂಡಲೇ ಒಂದು ಬಣ್ಣ ಕಂಡು, ಕ್ಷಣದ ನಂತರ ಮತ್ತೊಂದಾಗುವುದನ್ನು ಹಲವರು ದೋಷವೆಂದು ಭಾವಿಸುತ್ತಾರೆ. ಮೊದಲು ಕಾಣುವುದು ಕ್ಯಾಮೆರಾ ತನ್ನ ಅಭಿರುಚಿಗೆ ತಕ್ಕಂತೆ ರೂಪಿಸಿ ಅಡಕಗೊಳಿಸಿದ ಜೆಪೆಗ್ ಮುನ್ನೋಟ. ನಂತರ ಕಾಣುವುದು ತಂತ್ರಾಂಶವು ತನ್ನದೇ ಪ್ರೊಫೈಲ್‌ನಿಂದ ರೂಪಿಸಿದ ಚಿತ್ರ. ಎರಡೂ ಒಂದೇ ಅಳತೆಗಳ ಬೇರೆ ಬೇರೆ ನಿರೂಪಣೆಗಳು.

ಪತ್ತೆಹಚ್ಚುವ ಕ್ರಮ

ದೋಷವು ಯಾವ ಹಂತದಲ್ಲಿದೆ ಎಂಬುದನ್ನು ಹೋಲಿಕೆಯಿಂದ ತಿಳಿಯಬಹುದು. ಎಲ್ಲ ತಂತ್ರಾಂಶಗಳಲ್ಲೂ ಎಲ್ಲ ಚಿತ್ರಗಳೂ ಒಂದೇ ಬಗೆಯಲ್ಲಿ ಕೆಟ್ಟು ಕಂಡರೆ ಮಾನಿಟರ್ ಪ್ರೊಫೈಲನ್ನು ಪರಿಶೀಲಿಸಬೇಕು. ಸಂಸ್ಕರಣಾ ತಂತ್ರಾಂಶದಲ್ಲಿ ಸರಿಯಾಗಿದ್ದು, ಉಳಿಸಿದ ಕಡತ ಮಾತ್ರ ಬೇರೆಡೆ ಕೆಟ್ಟು ಕಂಡರೆ ಕಡತದ ಪ್ರೊಫೈಲ್ ಇಲ್ಲವಾಗಿರಬಹುದು ಅಥವಾ ಚಿತ್ರವನ್ನು ತೋರಿಸುವ ತಂತ್ರಾಂಶವು ಪ್ರೊಫೈಲನ್ನು ಕಡೆಗಣಿಸುತ್ತಿರಬಹುದು. ಒಂದು ಕ್ಯಾಮೆರಾದ ಚಿತ್ರಗಳು ಮಾತ್ರ ಕೆಟ್ಟಿದ್ದರೆ ಕ್ಯಾಮೆರಾ ಪ್ರೊಫೈಲ್ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಹೊಸ ಮಾದರಿಯ ಕ್ಯಾಮೆರಾಗಳು ಮಾರುಕಟ್ಟೆಗೆ ಬಂದಾಗ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಅವುಗಳ ಪ್ರೊಫೈಲ್ ಇರುವುದಿಲ್ಲ.

ಪರಿಹಾರಗಳು

ಮಾನಿಟರನ್ನು ಅಳತೆ ಉಪಕರಣದಿಂದ ಅಳೆದು ಅದರ ಪ್ರೊಫೈಲನ್ನು ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಅಳವಡಿಸುವುದು ಮೊದಲ ಹೆಜ್ಜೆ. ಪರದೆಗಳ ಬಣ್ಣ ಕಾಲಕ್ರಮೇಣ ಬದಲಾಗುವುದರಿಂದ ಈ ಅಳತೆಯನ್ನು ಆಗಾಗ ಪುನರಾವರ್ತಿಸಬೇಕಾಗುತ್ತದೆ. ಸಂಸ್ಕರಣೆಯನ್ನು ವಿಶಾಲವಾದ ಕಲರ್ ಸ್ಪೇಸ್‌ನಲ್ಲಿ ನಡೆಸಿ, ಅಂತರಜಾಲಕ್ಕಾಗಿ ಕೊನೆಯಲ್ಲಿ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಪ್ರೊಫೈಲನ್ನು ಕಡತದೊಳಗೆ ಸೇರಿಸಿ ಉಳಿಸುವುದು ರೂಢಿ. ಪ್ರೊಫೋಟೋದಂತಹ ಕಲರ್ ಸ್ಪೇಸ್ ಬಳಸುವಾಗ 16 ಬಿಟ್ ಕಡತ ಅಗತ್ಯ. 8 ಬಿಟ್‌ನಲ್ಲಿ ಪ್ರತಿ ವರ್ಣಕ್ಕೆ 256 ಹಂತಗಳಷ್ಟೇ ಇರುವುದರಿಂದ, ಅವು ವಿಶಾಲ ವ್ಯಾಪ್ತಿಯಲ್ಲಿ ಹಂಚಿಹೋಗಿ ಆಕಾಶದಂತಹ ನಯವಾದ ಭಾಗಗಳಲ್ಲಿ ಪಟ್ಟೆಗಳು ಮೂಡಬಹುದು.

ನಿಖರತೆ ಬೇಕಾದ ಕೆಲಸಗಳಲ್ಲಿ 24 ಬಣ್ಣದ ಚೌಕಗಳುಳ್ಳ ಕಲರ್‌ಚೆಕರ್ ಫಲಕವನ್ನು ಅದೇ ಬೆಳಕಿನಲ್ಲಿ ಚಿತ್ರೀಕರಿಸಿ, ಆ ಕ್ಯಾಮೆರಾಕ್ಕೂ ಆ ಬೆಳಕಿಗೂ ಹೊಂದುವ ಪ್ರೊಫೈಲನ್ನು ತಯಾರಿಸಲಾಗುತ್ತದೆ.

ಮಿತಿಗಳು

ಪ್ರೊಫೈಲ್ ಎಷ್ಟೇ ನಿಖರವಾಗಿದ್ದರೂ ಕ್ಯಾಮೆರಾ ಮಾನವನ ಕಣ್ಣಿನಂತೆ ಬಣ್ಣವನ್ನು ಗ್ರಹಿಸುವುದಿಲ್ಲ. ಹಾಗೆ ಗ್ರಹಿಸಬೇಕಾದರೆ ಸಂವೇದಕದ ಸ್ಪಂದನೆಯು ಕಣ್ಣಿನ ಸ್ಪಂದನೆಗಳಿಂದ ಸರಳ ಗಣಿತದ ಮೂಲಕ ಪಡೆಯಬಹುದಾದಂತಿರಬೇಕು. ಇದಕ್ಕೆ ಲೂಥರ್ ನಿಯಮ ಎಂದು ಹೆಸರು. ಸಾಮಾನ್ಯ ಬಳಕೆಯ ಕ್ಯಾಮೆರಾಗಳು ಇದನ್ನು ಪೂರ್ಣವಾಗಿ ಪಾಲಿಸುವುದಿಲ್ಲ. ಆದುದರಿಂದ ಕಣ್ಣಿಗೆ ಬೇರೆಯಾಗಿ ಕಾಣುವ ಎರಡು ಬಣ್ಣಗಳನ್ನು ಕ್ಯಾಮೆರಾ ಒಂದೇ ಎಂದು ದಾಖಲಿಸಬಹುದು. ಕಣ್ಣಿಗೆ ಒಂದೇ ಆಗಿ ಕಾಣುವುದನ್ನು ಎರಡಾಗಿಯೂ ದಾಖಲಿಸಬಹುದು. ಹೀಗೆ ದಾಖಲಾತಿಯಲ್ಲೇ ಒಂದಾಗಿಹೋದ ಬಣ್ಣಗಳನ್ನು ಯಾವ ಪ್ರೊಫೈಲೂ ಬೇರ್ಪಡಿಸಲಾರದು. ವಸ್ತುಸಂಗ್ರಹಾಲಯಗಳ ದಾಖಲೀಕರಣದಂತಹ ಕೆಲಸಗಳಲ್ಲಿ ಮೂರಕ್ಕಿಂತ ಹೆಚ್ಚು ತರಂಗಾಂತರ ಪಟ್ಟಿಗಳನ್ನು ಅಳೆಯುವ ಬಹುವರ್ಣಪಟಲ ಛಾಯಾಗ್ರಹಣವನ್ನು ಬಳಸಲು ಇದೂ ಒಂದು ಕಾರಣವಾಗಿದೆ.