ಪ್ಲಾಸ್ಟಿಕ್ ಹುಳದ ಮೈಮೇಲೆ ಗುಳ್ಳೆ ಏಕೆ?

ಕೂಡ್ಲಿಯಲ್ಲಿ ಒಂದಾದ ತುಂಗೆ-ಭದ್ರೆ ಹೊನ್ನಾಳಿಯತ್ತ ಹರಿಯುವುದು ಸಾಸ್ವೆಹಳ್ಳಿ ಸೀಮೆಯಲ್ಲಿ. ಪಕ್ಕದ ಚನ್ನಗಿರಿ ತಾಲೂಕಿನಲ್ಲಿ ಸೂಳೆಕೆರೆ ಇದೆ. ಗಾಳ ಹಾಕುವವರಿಗೆ ಇಲ್ಲಿ ಎರೆಹುಳವೋ ಹಿಟ್ಟಿನ ಉಂಡೆಯೋ ಸಾಕು. ಆದರೆ ಮುರ್ರೆಲ್‌ನಂಥ ಬೇಟೆಗಾರ ಮೀನು ಎದುರಿಗೆ ಏನಾದರೂ ಅಲ್ಲಾಡಿದರೆ ಎರಗುವ ಜಾತಿಯದು. ಬಾಲ ಬಳುಕಿಸುವ ಮೆತ್ತನೆಯ ಪ್ಲಾಸ್ಟಿಕ್ ಹುಳ ಅದಕ್ಕೆಂದೇ ಹುಟ್ಟಿದ್ದು. ಕೊಂಡು ತಂದದ್ದು ನಾಲ್ಕು ಕಡಿತಕ್ಕೆ ಹರಿದುಹೋಗುವುದರಿಂದ ಕೆಲವರು ಮನೆಯಲ್ಲೇ ಎರಕ ಹೊಯ್ಯಲು ಹೊರಡುತ್ತಾರೆ. ಮೊದಲ ಎರಕ ಸಾಮಾನ್ಯವಾಗಿ ಕೆಡುತ್ತದೆ, ಬೈಗುಳವೆಲ್ಲ ಪ್ಲಾಸ್ಟಿಕ್ಕಿಗೆ ಬೀಳುತ್ತದೆ. ನನ್ನ ಅನುಮಾನ ಮಾತ್ರ ಮೊದಲು ಅಚ್ಚಿನ ಮೇಲೆ.

ಹುಳದ ಮೂಲದ್ರವ್ಯ ನೀರಿನ ಪೈಪಿನಲ್ಲಿರುವ ಪಿವಿಸಿಯೇ. ಅಮೆರಿಕದ ಆಕ್ರನ್‌ನಲ್ಲಿದ್ದ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ 1926ರಲ್ಲಿ ಈ ಗಡಸು ವಸ್ತುವಿಗೆ ಎಣ್ಣೆಯಂಥ ಮೆದುಕಾರಿ ದ್ರವ ಬೆರೆಸಿ ಅದನ್ನು ಬಾಗುವಂತೆ ಮಾಡಿದರು. ಅದೇ ಊರಿನ ನಿಕ್ ಕ್ರೀಮ್ 1949ರಲ್ಲಿ ಮೆತ್ತನೆಯ ಹುಳವನ್ನು ಎರೆದರು. ಇಂದು ಡಬ್ಬಿಯಲ್ಲಿ ಸಿಗುವ ಪ್ಲಾಸ್ಟಿಸಾಲ್ ಎಂಬ ಬಿಳಿ ದ್ರವದಲ್ಲಿ ಪಿವಿಸಿಯ ನುಣುಪು ಪುಡಿ ಮೆದುಕಾರಿಯಲ್ಲಿ ತೇಲುತ್ತಿರುತ್ತದೆ. ಕಾಯಿಸುತ್ತ ಹೋದರೆ ಪುಡಿ ಮೆದುಕಾರಿಯನ್ನು ಹೀರಿ ಉಬ್ಬುತ್ತದೆ, ದ್ರವ ಗಿಣ್ಣಿನಂತೆ ಗಟ್ಟಿಯಾಗುತ್ತದೆ. ಹೆದರಿ ಒಲೆ ಆರಿಸಬಾರದು. ಸುಮಾರು 175 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕಣಗಳು ಒಂದರೊಳಗೊಂದು ಬೆಸೆದು, ಮತ್ತೆ ತಿಳಿಯಾಗಿ ಹರಿಯತೊಡಗುತ್ತದೆ. ಅದಕ್ಕೂ ಮೊದಲೇ ಹೊಯ್ದ ಹುಳ ಮಬ್ಬುಮಬ್ಬಾಗಿ ಉಳಿದು, ಎಳೆದರೆ ತುಂಡಾಗುತ್ತದೆ. ಬಣ್ಣ ನೋಡಿ ಅಂದಾಜು ಮಾಡುವುದಕ್ಕಿಂತ ಥರ್ಮಾಮೀಟರ್ ನಂಬುವುದು ಮೇಲು.

ಇನ್ನು ಗುಳ್ಳೆ. ಅದು ಎಲ್ಲಿದೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಮೈತುಂಬ ಸಣ್ಣ ದುಂಡು ಗುಳ್ಳೆಗಳು ಹರಡಿದ್ದರೆ ಜೋರಾಗಿ ಕಲಕುವಾಗ ಗಾಳಿ ಸೇರಿದೆ ಎಂದರ್ಥ. ನಿಧಾನ ಕಲಕಿ, ಕಾಯಿಸುವ ಮೊದಲು ದ್ರವವನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಬಹುಪಾಲು ಹೋಗುತ್ತದೆ. ಗುಳ್ಳೆಗಳು ಅಚ್ಚಿಗೆ ತಾಗಿದ ಮೈಯಲ್ಲಷ್ಟೇ ಕುಳಿಕುಳಿಯಾಗಿ ಕಂಡರೆ ಕಥೆ ಬೇರೆ, ಮತ್ತು ಇದು ನನಗೆ ಎಲ್ಲಕ್ಕಿಂತ ಸ್ವಾರಸ್ಯದ್ದು.

ಮನೆಯ ಅಚ್ಚು ಹೆಚ್ಚಾಗಿ ಪಿಒಪಿಯದು, ಮನೆಗಳ ಸೀಲಿಂಗಿಗೆ ಬಳಸುವ ಬಿಳಿ ಪುಡಿ. ಜಿಪ್ಸಂ ಕಲ್ಲನ್ನು 150 ಡಿಗ್ರಿಯ ಆಸುಪಾಸು ಕಾಯಿಸಿ, ಅದರ ಹರಳಿನೊಳಗಿನ ನೀರಿನ ಮುಕ್ಕಾಲು ಪಾಲನ್ನು ಓಡಿಸಿದಾಗ ಸಿಗುವುದೇ ಪಿಒಪಿ. ನಾವು ನೀರು ಕಲಸಿದೊಡನೆ ಅದು ಆ ನೀರನ್ನು ಮತ್ತೆ ಹರಳಿನೊಳಗೆ ಕಟ್ಟಿಕೊಂಡು ಜಿಪ್ಸಂ ಆಗುತ್ತದೆ. ಜಿಪ್ಸಂನ ತೂಕದ ಸುಮಾರು ಐದನೇ ಒಂದು ಭಾಗ ನೀರೇ. ಬಿಸಿಲಿನಲ್ಲಿ ವಾರಗಟ್ಟಲೆ ಒಣಗಿಸಿದರೂ ರಂಧ್ರಗಳಲ್ಲಿ ನಿಂತ ತೇವ ಹೋದೀತೇ ಹೊರತು ಹರಳಿನ ನೀರು ಕದಲುವುದಿಲ್ಲ. ಇಂಥ ಅಚ್ಚಿಗೆ 175 ಡಿಗ್ರಿಯ ಪ್ಲಾಸ್ಟಿಕ್ ಹೊಯ್ಯುವುದೆಂದರೆ ಪಿಒಪಿ ಕಾರ್ಖಾನೆಯ ಕೆಲಸವನ್ನು ಅಂಗಳದಲ್ಲಿ ಮತ್ತೆ ಶುರುಮಾಡಿದಂತೆ. ಉಳಿದ ತೇವ ಮೊದಲು ಆವಿಯಾಗುತ್ತದೆ, ಮೇಲ್ಪದರ ಬೇಕಾದಷ್ಟು ಕಾದರೆ ಹರಳಿನ ನೀರೂ ಹೊರಡುತ್ತದೆ. ನೀರು ಆವಿಯಾದಾಗ ಸಾವಿರ ಪಟ್ಟಿಗೂ ಮಿಕ್ಕಿ ಹಿಗ್ಗುವುದರಿಂದ ಕಣ್ಣಿಗೆ ಕಾಣದ ತೇವವೂ ಹುಳದ ಮೈಯನ್ನು ತೂತು ಮಾಡಬಲ್ಲದು. ಹಾಗಾಗಿ ಒಣಗಿಸಿದ ಮೇಲೆ ಅಚ್ಚಿನ ರಂಧ್ರಗಳನ್ನು ಮುಚ್ಚಲೇಬೇಕು. ಮರಗೆಲಸದ ಬಿಳಿ ಗೋಂದಿಗೆ ನೀರು ಬೆರೆಸಿ ತೆಳುವಾಗಿ ಎರಡು ಮೂರು ಸಲ ಬಳಿಯುವುದು ರೂಢಿ. ಪ್ರತಿ ಪದರವೂ ಪೂರ್ತಿ ಒಣಗಬೇಕು, ಇಲ್ಲವಾದರೆ ಗೋಂದಿನ ನೀರೇ ಹೊಸ ಗುಳ್ಳೆ ಎಬ್ಬಿಸುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ.

ದಪ್ಪ ಹೊಟ್ಟೆಯ ಕಡೆ ಗುಳಿ ಬಿದ್ದರೆ ಅದು ಗಾಳಿಯ ಕೆಲಸವಲ್ಲ. ಪ್ಲಾಸ್ಟಿಕ್ ತಣಿಯುತ್ತ ಕುಗ್ಗುತ್ತದೆ, ಒಳಗಿನ ಬಿಸಿ ಭಾಗ ಕೊನೆಗೆ ಕುಗ್ಗಿ ಹೊರಮೈಯನ್ನು ಒಳಕ್ಕೆಳೆಯುತ್ತದೆ. ಹೊಯ್ಯುವ ಬಾಯಲ್ಲಿ ಒಂದಿಷ್ಟು ಹೆಚ್ಚು ನಿಲ್ಲಿಸಿದರೆ ಕುಗ್ಗಿದ ಜಾಗಕ್ಕೆ ಅದು ಇಳಿಯುತ್ತದೆ. ಬಾಲದ ತುದಿ ಮೂಡದಿದ್ದರೆ ಅಚ್ಚು ತಣ್ಣಗಿದೆ, ಅಥವಾ ತುದಿಯ ಗಾಳಿಗೆ ದಾರಿಯಿಲ್ಲ. ಕೂದಲೆಳೆಯಷ್ಟು ಗೀರು ಕೊರೆದರೆ ಗಾಳಿ ಪಾರಾಗುತ್ತದೆ.

ಕೆಟ್ಟ ಹುಳವನ್ನು ಕತ್ತರಿಸಿ ಮತ್ತೆ ಕರಗಿಸಬಹುದು, ಆದರೆ ಪ್ರತಿ ಸಲವೂ ಬಣ್ಣ ಹಳದಿಗೆ ತಿರುಗುತ್ತದೆ. ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಶಾಖ ಮೀರಿದರೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ, ಉಳಿದ ಇಂಗಾಲದ ಸರಪಳಿ ಮೊದಲು ಹಳದಿ, ಆಮೇಲೆ ಕಂದು. ಕಂದು ಕಂಡಿತೆಂದರೆ ಆ ಆಮ್ಲದ ಅನಿಲ ಮೂಗಿಗೂ ಕಣ್ಣಿಗೂ ಬರುತ್ತಿದೆ ಎಂದೇ ಲೆಕ್ಕ. ಈ ಕೆಲಸ ಬಯಲಲ್ಲಿ ನಡೆಯಬೇಕು, ಕನ್ನಡಕ ಕೈಗವಸು ಬೇಕು, ಪಾತ್ರೆ ಮತ್ತೆ ಅಡುಗೆಗೆ ಮರಳಬಾರದು. ಕಾದ ದ್ರವಕ್ಕೆ ಒಂದು ಹನಿ ನೀರು ಬಿದ್ದರೂ ಅದು ಸಿಡಿದು ಚರ್ಮಕ್ಕೆ ಅಂಟುತ್ತದೆ.

ಸರಿಯಾಗಿ ಬಂದ ಹುಳವನ್ನು ನೇರವಾಗಿ ಮಲಗಿಸಿ ತಣಿಸಬೇಕು, ಮಡಿಸಿಟ್ಟರೆ ಡೊಂಕು ಉಳಿಯುತ್ತದೆ. ಗಡಸು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಡುವುದೂ ಅಪಾಯ. ಹುಳದ ಮೆದುಕಾರಿ ನಿಧಾನಕ್ಕೆ ಜಿನುಗಿ, ಪಾಲಿಸ್ಟೈರೀನ್‌ನಂಥ ಡಬ್ಬಿಯನ್ನೇ ಕರಗಿಸಿ ಅಂಟಿಕೊಳ್ಳುತ್ತದೆ. ಪಾಲಿಥೀನ್ ಚೀಲಕ್ಕೆ ಈ ತೊಂದರೆ ಇಲ್ಲ.