ನಿಮಗಿದು ಗೊತ್ತೇ? ಪರದೆ ಕಪ್ಪಾದರೂ ಕಂಪ್ಯೂಟರ್ ಎಚ್ಚರವಾಗಿರಬಹುದು!

ಊಟ ಮುಗಿಸಿ ಬಂದು ಮೌಸ್ ಅಲ್ಲಾಡಿಸುತ್ತೀರಿ. ಫ್ಯಾನ್ ಗುಂಯ್‌ಗುಡುತ್ತದೆ, ಪರದೆ ಮಾತ್ರ ಕಗ್ಗತ್ತಲು. ಕೈ ತಾನಾಗಿ ಪವರ್ ಬಟನ್‌ ಕಡೆ ಹೋಗುತ್ತದೆ. ಸ್ವಲ್ಪ ತಾಳಿ! ಅದನ್ನು ಒತ್ತಿ ಹಿಡಿದರೆ ಸೇವ್ ಮಾಡದ ಕೆಲಸವೆಲ್ಲ ನೀರುಪಾಲು.

ಮೊದಲು ಕ್ಯಾಪ್ಸ್ ಲಾಕ್ ಕೀ ಒತ್ತಿ. ಅದರ ಪುಟ್ಟ ದೀಪ ಹತ್ತಿ, ಇನ್ನೊಮ್ಮೆ ಒತ್ತಿದಾಗ ಆರಿತೇ? ಹಾಗಾದರೆ ಕಂಪ್ಯೂಟರ್‌ಗೆ ಜೀವವಿದೆ, ಕಾಣದಾಗಿರುವುದು ಚಿತ್ರ ಮಾತ್ರ.

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಸಣ್ಣದೊಂದು ಬೀಪ್, ಪರದೆ ಒಮ್ಮೆ ಮಿಟುಕುತ್ತದೆ, ಅಷ್ಟೇ. ತೆರೆದಿಟ್ಟ ಫೈಲುಗಳು ಇದ್ದಲ್ಲೇ ಇರುತ್ತವೆ. ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿಕೊಳ್ಳಿ, ಅಷ್ಟು ಉಪಯುಕ್ತ ಇದು.

ಚಿತ್ರ ಹೋಗುವುದಾದರೂ ಎಲ್ಲಿಗೆ? ಎಸ್3 ಎಂಬ ಹಳೆಯ ಬಗೆಯ ಸ್ಲೀಪ್‌ನಲ್ಲಿ ರ‍್ಯಾಮ್‌ಗೆ ವಿದ್ಯುತ್ ಸಿಗುತ್ತಿರುತ್ತದೆ, ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎಲ್ಲವೂ ಮಲಗಿರುತ್ತವೆ. ಎದ್ದ ಮೇಲೆ ಡ್ರೈವರ್ ಆ ಚಿಪ್ಪನ್ನು ಮತ್ತೆ ಅಣಿಗೊಳಿಸಬೇಕು. ಇತ್ತ ಮಾನಿಟರ್ ಕೂಡ ತಾನು ಯಾರು, ಯಾವ ರೆಸಲ್ಯೂಷನ್ ತೋರಿಸಬಲ್ಲೆ ಎಂದು ಕಂಪ್ಯೂಟರ್‌ಗೆ ಹೇಳಬೇಕು. ಇಡಿಐಡಿ ಎಂಬ ಈ ಪರಿಚಯ ಪತ್ರದ ಮೂಲ ಗಾತ್ರ ಬರೀ 128 ಬೈಟ್! ಅಷ್ಟು ಚಿಕ್ಕ ಮಾತುಕತೆ ತಪ್ಪಿದರೂ ಪರದೆ ಕಪ್ಪಾಗಬಹುದು.

ಎಚ್‌ಡಿಎಂಐ ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಎಷ್ಟೋ ಸಲ ಚಿತ್ರ ಬರುತ್ತದಲ್ಲ, ಗುಟ್ಟು 19ನೇ ಪಿನ್‌ನಲ್ಲಿದೆ. ‘ಮಾನಿಟರ್ ಬಂತು’ ಎಂದು ಸುದ್ದಿ ಮುಟ್ಟಿಸುವುದೇ ಅದರ ಕೆಲಸ. ಸುದ್ದಿ ಸಿಕ್ಕೊಡನೆ ಪರಿಚಯ ಮೊದಲಿಂದ ನಡೆಯುತ್ತದೆ.

ಲ್ಯಾಪ್‌ಟಾಪ್ ಆದರೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಹೊಗೆಯೊಳಗಿನಿಂದ ಕಂಡಂತೆ ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಬಂದಿದೆ, ಹಿಂದಿನ ಬೆಳಕು ಹತ್ತಿಲ್ಲ ಎಂದರ್ಥ. ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಆಗಲೂ ಬೆಳಗದಿದ್ದರೆ ರಿಪೇರಿಯವರಿಗೆ ಇದನ್ನೇ ಹೇಳಿ, ಅವರ ಅರ್ಧ ಹುಡುಕಾಟ ಉಳಿಯುತ್ತದೆ.

ಟಿವಿಗೋ ಪ್ರೊಜೆಕ್ಟರಿಗೋ ಜೋಡಿಸಿದ್ದಿರಾ? ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ, ಚಿತ್ರ ಅತ್ತ ಹೋಗುತ್ತಿರಬಹುದು.

ಇನ್ನೊಂದು. 2012ರ ವಿಂಡೋಸ್ 8ರಿಂದ ಈಚೆಗೆ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ‘ಶಟ್ ಡೌನ್’ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಅದರ ಒಳತಿರುಳು ಡಿಸ್ಕ್‌ನಲ್ಲಿ ಉಳಿದು, ಮರುದಿನ ಹಾಗೇ ಏಳುತ್ತದೆ. ಕಪ್ಪು ಪರದೆಯ ಕಾಟ ಪದೇಪದೇ ಬರುತ್ತಿದ್ದರೆ ‘ರೀಸ್ಟಾರ್ಟ್’ ಒತ್ತಿ, ಆಗ ವಿಂಡೋಸ್ ಪೂರ್ತಿ ಮುಚ್ಚಿ ಹೊಸದಾಗಿ ಏಳುತ್ತದೆ.