ಊರಿದ ಹೆಜ್ಜೆ, ಮಸುಕಾದ ಹೆಜ್ಜೆ

ದಸರೆಗೆ ಮುನ್ನ ಆನೆಗಳ ಪಯಣ, ಗಜಪಯಣ, ಹೊರಡುವುದು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ನಾಗರಹೊಳೆ ಕಾಡಿನಂಚಿನ ಆ ರಸ್ತೆಯಲ್ಲಿ ಆನೆ, ಮಾವುತ, ಕಾವಾಡಿ, ನೋಡಬಂದ ಜನ ಎಲ್ಲರೂ ಚಲನೆಯಲ್ಲಿರುತ್ತಾರೆ. ಆದರೆ ಶಟರ್ ವೇಗ ಹೆಚ್ಚಿಸಿ ತೆಗೆದ ಫೋಟೋದಲ್ಲಿ ಆನೆ ನಡೆಯುತ್ತಿದೆಯೋ ನಿಂತಿದೆಯೋ ತಿಳಿಯದು.

ಲೆಕ್ಕ ಸರಳ. ಗಂಟೆಗೆ 5 ಕಿ.ಮೀ. ನಡೆಯುವ ಆನೆ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತದೆ. 1/500 ಸೆಕೆಂಡಿನಲ್ಲಿ ಅದರ ಮೈ ಸರಿಯುವುದು ಬರೀ 3 ಮಿ.ಮೀ.; 1/15 ಸೆಕೆಂಡಿನಲ್ಲಿ 9 ಸೆಂ.ಮೀ. ಶಟರ್ ತೆರೆದಿರುವಷ್ಟು ಹೊತ್ತು ಬಿದ್ದ ಬೆಳಕನ್ನೆಲ್ಲ ಕ್ಯಾಮೆರಾ ಒಂದರ ಮೇಲೊಂದು ಕೂಡಿಸುತ್ತದೆ. ಆ ಮೊತ್ತವೇ ಮಸುಕು.

ಆನೆಯ ಮೈಯೆಲ್ಲ ಒಂದೇ ವೇಗದಲ್ಲಿ ಸಾಗುವುದಿಲ್ಲ. ನಡಿಗೆಯಲ್ಲಿ ಪ್ರತಿ ಕಾಲೂ ಅರ್ಧಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆಯೇ ಇರುತ್ತದೆ. ಹಾಗಾಗಿ ಎತ್ತಿದ ಕಾಲು ಮೈಗಿಂತ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಮುಂದಕ್ಕೆ ಹೋಗಲೇಬೇಕು. ಚಿತ್ರದಲ್ಲಿ ಅದು ಹೊಗೆಯಂತೆ ಕರಗುತ್ತದೆ. ಊರಿದ ಕಾಲು ಮಾತ್ರ ಕಂಬದಂತೆ ಸ್ಪಷ್ಟ.

ಕಪ್ಪು-ಬಿಳುಪಿನಲ್ಲಿ ಈ ಆಟ ಇನ್ನೂ ನಿಚ್ಚಳ. ಬಣ್ಣದ ಚಿತ್ರವಾದರೆ ಕಣ್ಣು ಹೂವು, ಜೂಲುಗಳ ಹಿಂದೆ ಹೋಗುತ್ತದೆ. ಬಣ್ಣ ಕಳೆದರೆ ಉಳಿಯುವುದು ಬೆಳಕಿನ ಏರಿಳಿತವೊಂದೇ. ಆನೆಯ ಕಪ್ಪು ಮೈಯ ಮುಂದೆ ಬೀಳುವ ಬಿಳಿ ಹೂವಿನೆಸಳು ಗೆರೆ ಎಳೆಯುತ್ತದೆ. ಬೆಳ್ಳಗಿನ ರಸ್ತೆಯೆದುರು ಚಲಿಸುವ ಕಪ್ಪು ಕಾಲು ತೆಳುವಾಗುತ್ತದೆ, ಏಕೆಂದರೆ ಕಾಲು ಸರಿದ ಜಾಗದಲ್ಲಿ ರಸ್ತೆಯ ಬೆಳಕೂ ಸೇರಿಕೊಳ್ಳುತ್ತದೆ. ಬಿಳುಪು ಬರೆಯುತ್ತದೆ, ಕಪ್ಪು ಅಳಿಯುತ್ತದೆ.

ಬೀದಿಯ ಫೋಟೋ ಹುಟ್ಟಿದ್ದೇ ಹೀಗೆ. 1838ರಲ್ಲಿ ಛಾಯಾಗ್ರಹಣದ ಮೊದಲಿಗರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ಹಲವು ನಿಮಿಷಗಳ ಬೆಳಕಿನಲ್ಲಿ ಸೆರೆಹಿಡಿದಾಗ ಓಡಾಡುವ ಜನ, ಗಾಡಿಗಳೆಲ್ಲ ಅಳಿಸಿಹೋದವು. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಉಳಿದ.

ನೀವೂ ಪ್ರಯತ್ನಿಸಿ. ಗಜಪಯಣದ ಮಳೆಗಾಲದ ಮೋಡ ಇದಕ್ಕೆ ಅನುಕೂಲ: ಐಎಸ್‌ಒ 100, ಅಪರ್ಚರ್ ಎಫ್/16 ಇಟ್ಟರೆ ದಟ್ಟ ಮೋಡದಡಿ ಶಟರ್ ವೇಗ 1/15ರ ಆಸುಪಾಸಿಗೆ ಇಳಿಯುತ್ತದೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೋ ಗೋಡೆಯ ಮೇಲೋ ಭದ್ರವಾಗಿಡಿ. ಕೈ ನಡುಗಿದರೆ ಎಲ್ಲವೂ ಕಲಸಿಹೋಗುತ್ತದೆ, ಊರಿದ ಕಾಲೂ ಉಳಿಯದು. ಆ ಒಂದು ಕಾಲು ಅಲುಗದೆ ನಿಂತಾಗಲೇ ಸುತ್ತಲಿನ ಮಸುಕು ನಡಿಗೆಯಾಗುತ್ತದೆ. ಟನ್‌ಗಟ್ಟಲೆ ತೂಕವನ್ನು ನೆಲ ಹೊತ್ತ ಆ ಕ್ಷಣ ಚಿತ್ರದಲ್ಲಿ ಕಾಣುತ್ತದೆ.